ಅಗ್ಗದ ಲ್ಯಾಪ್‌ಟಾಪ್ ಕೊಂಡು ಅಪ್‌ಗ್ರೇಡ್ ಮಾಡುವುದೋ, ಒಮ್ಮೆಗೇ ಒಳ್ಳೆಯದನ್ನು ಕೊಳ್ಳುವುದೋ?

ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಒಂದನ್ನು ಈಗ ಕೊಂಡು, ಮುಂದೆ ಕೈಯಲ್ಲಿ ಹಣವಾದಾಗ ರ‍್ಯಾಮ್ (ನಡೆಯುತ್ತಿರುವ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ಹೆಚ್ಚಿಸಿ ದೊಡ್ಡ ಎಸ್‌ಎಸ್‌ಡಿ (ಫೈಲ್‌ಗಳನ್ನು ಉಳಿಸಿಡುವ ವೇಗದ ಸ್ಟೋರೇಜ್) ಹಾಕಿಸಿಕೊಂಡರೆ ದುಬಾರಿ ಲ್ಯಾಪ್‌ಟಾಪ್‌ನ ಕೆಲಸ ಅದರಲ್ಲೇ ಆಗುವುದಿಲ್ಲವೇ ಎಂಬ ಪ್ರಶ್ನೆ ಲ್ಯಾಪ್‌ಟಾಪ್ ಕೊಳ್ಳಹೊರಟ ಅನೇಕರಿಗೆ ಬರುತ್ತದೆ. ಹತ್ತು ವರ್ಷಗಳ ಹಿಂದೆ ಈ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆಗಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ನಿಧಾನಗತಿಯ ಹಾರ್ಡ್ ಡಿಸ್ಕ್ ಇರುತ್ತಿತ್ತು, ರ‍್ಯಾಮ್‌ಗೆ ಸ್ಲಾಟ್ ಇರುತ್ತಿತ್ತು, ಹಿಂಬದಿಯ ಮುಚ್ಚಳ ಬಿಚ್ಚಿದರೆ ಎರಡನ್ನೂ ಬದಲಿಸಬಹುದಿತ್ತು. ಈಗ ಅದೇ ದರ್ಜೆಯ ಎಷ್ಟೋ ಮಾದರಿಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಕೆಲವದರಲ್ಲಿ ಸ್ಟೋರೇಜ್ ಕೂಡ ಹಾಗೆಯೇ ಇರುತ್ತದೆ.

ಆದ್ದರಿಂದ ಅಪ್‌ಗ್ರೇಡ್ ಲಾಭವೋ ನಷ್ಟವೋ ಎಂದು ಒಟ್ಟಾರೆಯಾಗಿ ಕೇಳುವುದಕ್ಕಿಂತ, ಎದುರಿಗಿರುವ ಲ್ಯಾಪ್‌ಟಾಪ್ ಯಾವ ಕಾರಣಕ್ಕೆ ಅಗ್ಗವಾಗಿದೆ ಎಂದು ಕೇಳುವುದು ಉಪಯುಕ್ತ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಚಿಕ್ಕದಾಗಿರುವುದರಿಂದ ಬೆಲೆ ಇಳಿದಿದ್ದರೆ ಆ ಕೊರತೆಯನ್ನು ಮುಂದೆ ತುಂಬಿಕೊಳ್ಳಬಹುದು. ಪ್ರೊಸೆಸರ್, ಪರದೆ, ಕೀಬೋರ್ಡ್, ಕೀಲುಗಳಲ್ಲಿ ಉಳಿತಾಯ ಮಾಡಿ ಬೆಲೆ ಇಳಿಸಿದ್ದರೆ, ಆಮೇಲೆ ಎಷ್ಟು ಹಣ ಹಾಕಿದರೂ ಅದು ಅಗ್ಗದ ಲ್ಯಾಪ್‌ಟಾಪ್ ಆಗಿಯೇ ಉಳಿಯುತ್ತದೆ.

ಅಳೆಯುವುದು ಯಾವುದರಿಂದ

ಮೊದಲ ಅಳತೆಗೋಲು, ಬದಲಿಸಲಾಗದ ಭಾಗಗಳ ಗುಣಮಟ್ಟ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬೋರ್ಡ್‌ಗೆ ಬೆಸೆದುಕೊಂಡಿರುವುದರಿಂದ ಅದನ್ನು ಬದಲಿಸುವ ಮಾತೇ ಇಲ್ಲ. ಪರದೆಯನ್ನು ತಾಂತ್ರಿಕವಾಗಿ ಬದಲಿಸಬಹುದಾದರೂ ಸರಿಹೊಂದುವ ಪ್ಯಾನೆಲ್ ಮತ್ತು ಕೇಬಲ್ ಹುಡುಕುವುದು, ಅಂಚಿನ ಪಟ್ಟಿಯನ್ನು ಮುರಿಯದೆ ಬಿಚ್ಚುವುದು, ಇವೆಲ್ಲ ಸೇರಿ ಅದು ಸಾಮಾನ್ಯ ಬಳಕೆದಾರರಿಗೆ ಲಾಭದ ಕೆಲಸವಲ್ಲ.

ಎರಡನೆಯದು, ಬದಲಿಸಬಹುದಾದ ಭಾಗಗಳಿಗೆ ನಿಜಕ್ಕೂ ಜಾಗವಿದೆಯೇ ಎಂಬುದು. ಮೂರನೆಯದು, ಒಟ್ಟು ಖರ್ಚು: ಲ್ಯಾಪ್‌ಟಾಪ್‌ನ ಬೆಲೆ, ಬಿಡಿಭಾಗಗಳ ಬೆಲೆ, ನೀವೇ ಜೋಡಿಸದಿದ್ದರೆ ಅದರ ಕೂಲಿ. ನಾಲ್ಕನೆಯದು, ಸುರಕ್ಷತಾ ಅಪ್‌ಡೇಟ್‌ಗಳು ಇನ್ನೆಷ್ಟು ವರ್ಷ ಸಿಗುತ್ತವೆ ಎಂಬುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಇದೊಂದೇ ಅಂಶ ಇಡೀ ನಿರ್ಧಾರವನ್ನು ಬದಲಿಸಬಲ್ಲದು.

ಕೊನೆಯದು ನಿಮ್ಮ ಕೆಲಸ. ಬ್ರೌಸರ್, ಟೈಪಿಂಗ್, ವಿಡಿಯೊ ಕರೆಗಳಷ್ಟೇ ಇದ್ದರೆ ಬೇಕಾಗುವ ಶಕ್ತಿಯೇ ಬೇರೆ, ಪ್ರೋಗ್ರಾಮಿಂಗ್ ಅಥವಾ ಫೋಟೊ ಎಡಿಟಿಂಗ್‌ಗೆ ಬೇಕಾಗುವುದೇ ಬೇರೆ. ಆದರೆ ಬ್ರೌಸರ್ ಎಂಬುದು ಹಗುರ ಕೆಲಸವೆಂಬ ನಂಬಿಕೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಇಂದು ಅಗ್ಗದ ಲ್ಯಾಪ್‌ಟಾಪ್‌ನ ರ‍್ಯಾಮ್ ಅನ್ನು ಮೊದಲು ನುಂಗಿಹಾಕುವುದು ತೆರೆದಿಟ್ಟ ಹತ್ತಿಪ್ಪತ್ತು ಟ್ಯಾಬ್‌ಗಳೇ.

ಎಲ್ಲವೂ ಬೆಸುಗೆಯಾಗಿರುವ ಅತಿ ಅಗ್ಗದ ಲ್ಯಾಪ್‌ಟಾಪ್

4 ಜಿಬಿ ರ‍್ಯಾಮ್, 64 ಅಥವಾ 128 ಜಿಬಿ ಇಎಂಎಂಸಿ ಸ್ಟೋರೇಜ್, ಸೆಲೆರಾನ್ ಎನ್4020 ಅಥವಾ ಎನ್4500ರಂಥ ಪ್ರೊಸೆಸರ್: ಜಾಹೀರಾತಿನಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ಅದು ಈ ಗುಂಪಿನದು. ಈ ಎರಡೂ ಪ್ರೊಸೆಸರ್‌ಗಳಲ್ಲಿ ಇರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಇಎಂಎಂಸಿ ಎಂಬುದು ಅಗ್ಗದ ಫೋನ್‌ಗಳಲ್ಲಿ ಬಳಸುವ ಬಗೆಯ ಸ್ಟೋರೇಜ್, ಅದರ 5.1 ಆವೃತ್ತಿಯ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ, ಅದೂ ಕಾಗದದ ಮೇಲೆ. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಸಾಧಾರಣ ಎಸ್‌ಎಸ್‌ಡಿ ಸುಮಾರು 550 ಎಂಬಿ, ಅದಕ್ಕಿಂತ ವೇಗದ ಪಿಸಿಐಇ 3.0 ಜೋಡಣೆಯ ಎನ್‌ವಿಎಂಇ ಎಸ್‌ಎಸ್‌ಡಿ ಸುಮಾರು 3,500 ಎಂಬಿವರೆಗೆ ಓದಬಲ್ಲವು. ಇದಕ್ಕಿಂತ ಹೆಚ್ಚು ಬಾಧಿಸುವುದು ಸಾವಿರಾರು ಸಣ್ಣ ಫೈಲ್‌ಗಳನ್ನು ಒಟ್ಟಿಗೆ ಓದಿ ಬರೆಯುವಾಗ ಆಗುವ ತಡ. ವಿಂಡೋಸ್ ಹಿನ್ನೆಲೆಯಲ್ಲಿ ಇಡೀ ದಿನ ಮಾಡುವುದು ಅದೇ ಕೆಲಸ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಅಗತ್ಯ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸ್ಟೋರೇಜ್. ಈ ಲ್ಯಾಪ್‌ಟಾಪ್‌ಗಳು ಆ ಗೆರೆಯ ಮೇಲೆಯೇ ನಿಂತಿವೆ. 64 ಜಿಬಿ ಎಂದು ಬರೆದಿದ್ದರೂ ತೆರೆದು ನೋಡಿದಾಗ ಕಾಣುವುದು 58 ಜಿಬಿಯಷ್ಟು. ಅದರಲ್ಲಿ ದೊಡ್ಡ ಪಾಲನ್ನು ವಿಂಡೋಸ್ ತಾನೇ ಇಟ್ಟುಕೊಂಡಿರುತ್ತದೆ. ಒಂದಷ್ಟು ಅಪ್ಲಿಕೇಶನ್‌ಗಳನ್ನು ಹಾಕಿದ ಮೇಲೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ‘ಜಾಗ ಸಾಲದು’ ಎಂದು ನಿಂತುಬಿಡುತ್ತದೆ. ಮೆಮೊರಿ ಕಾರ್ಡ್ ಹಾಕಿ ಫೋಟೊ, ಹಾಡುಗಳನ್ನು ಅಲ್ಲಿಗೆ ಸಾಗಿಸಬಹುದೇ ಹೊರತು ಅದರಿಂದ ಲ್ಯಾಪ್‌ಟಾಪ್ ವೇಗವಾಗುವುದಿಲ್ಲ.

ಅಪ್‌ಗ್ರೇಡ್‌ನ ದೃಷ್ಟಿಯಿಂದ ಇವು ಬಹುತೇಕ ಮುಚ್ಚಿದ ಪೆಟ್ಟಿಗೆಗಳು. ಕೆಲವು ಮಾದರಿಗಳಲ್ಲಿ ಇಎಂಎಂಸಿಯ ಜೊತೆಗೇ ಒಂದು ಎಂ.2 ಸ್ಲಾಟ್ (ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಖಾಲಿ ಇರುತ್ತದೆ, ಅಂಥದ್ದು ಸಿಕ್ಕರೆ ಸ್ವಲ್ಪ ಜೀವ ಬರುತ್ತದೆ ನಿಜ. ಆದರೂ 4 ಜಿಬಿ ರ‍್ಯಾಮ್ ಬೆಸುಗೆಯಾಗಿದ್ದರೆ ಆ ಮಿತಿ ಕೊನೆಯವರೆಗೂ ಇರುತ್ತದೆ. ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟುವಿನಂಥ ಹಗುರ ವ್ಯವಸ್ಥೆ ಹಾಕಿದರೆ ಟೈಪಿಂಗ್‌ಗೆ, ಪಾಠ ಓದುವುದಕ್ಕೆ, ಒಂದೆರಡು ಟ್ಯಾಬ್‌ಗಳ ಬ್ರೌಸಿಂಗ್‌ಗೆ ಅಡ್ಡಿಯಿಲ್ಲ. ಅಷ್ಟೇ ಸಾಕು ಎಂದು ತಿಳಿದುಕೊಂಡೇ ಕೊಳ್ಳುವವರಿಗೆ ಇದು ತಪ್ಪು ಆಯ್ಕೆಯಲ್ಲ. ಮುಂದೆ ಅಪ್‌ಗ್ರೇಡ್ ಮಾಡಿಕೊಳ್ಳೋಣ ಎಂದು ಕೊಳ್ಳುವವರಿಗೆ ಮಾತ್ರ ಇದು ಖಂಡಿತ ಬೇಡ.

ಸ್ಲಾಟ್ ಇರುವ ಅಗ್ಗದ ಲ್ಯಾಪ್‌ಟಾಪ್

ಪ್ರಶ್ನೆಗೆ ನಿಜವಾದ ಅರ್ಥ ಬರುವುದು ಈ ಗುಂಪಿನಲ್ಲಿ. 15.6 ಇಂಚಿನ ಪ್ಲಾಸ್ಟಿಕ್ ಕವಚ, ಇಂಟೆಲ್ ಕೋರ್ ಐ3 ಅಥವಾ ಎಎಂಡಿ ರೈಜನ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಂ.2 ಎಸ್‌ಎಸ್‌ಡಿ ಎಂಬುದು ಇದರ ಸಾಮಾನ್ಯ ರೂಪ. ಬೋರ್ಡ್‌ಗೆ 4 ಅಥವಾ 8 ಜಿಬಿ ಬೆಸೆದು, ಇನ್ನೊಂದು ಸ್ಲಾಟ್ ಅನ್ನು ಖಾಲಿ ಬಿಟ್ಟಿರುವ ವಿನ್ಯಾಸ ಇಲ್ಲಿ ಆಗಾಗ ಕಾಣುತ್ತದೆ.

ಇಲ್ಲಿ ಮೊದಲು ನೋಡಬೇಕಾದದ್ದು ಪ್ರೊಸೆಸರ್‌ನ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಹೊಸದು, ಹೊಸದಾದಷ್ಟೂ ಉತ್ತಮ ಎಂಬ ಊಹೆ ಈ ಬೆಲೆಯಲ್ಲಿ ಕೈಕೊಡುತ್ತದೆ. ರೈಜನ್ 5 7520ಯು ಎಂಬುದು 2022ರಲ್ಲಿ ಬಂದ ಪ್ರೊಸೆಸರ್. ಆದರೆ ಅದರೊಳಗಿರುವುದು 2019ರ ಜೆನ್ 2 ವಿನ್ಯಾಸದ ನಾಲ್ಕು ಕೋರ್. 2022ರಲ್ಲೇ ಬಂದ ರೈಜನ್ 5 5625ಯುವಿನಲ್ಲಿ ಅದಕ್ಕಿಂತ ಒಂದು ತಲೆಮಾರು ಮುಂದಿನ ಜೆನ್ 3ರ ಆರು ಕೋರ್‌ಗಳಿವೆ. ಹೆಸರಿನಲ್ಲಿ ಚಿಕ್ಕದಾಗಿ ಕಾಣುವುದೇ ಇಲ್ಲಿ ಶಕ್ತಿಯಲ್ಲಿ ದೊಡ್ಡದು. ಇನ್ನೊಂದು ವಿಷಯವೂ ಇದೆ: 7320ಯು, 7520ಯು ಪ್ರೊಸೆಸರ್‌ಗಳು ಎಲ್‌ಪಿಡಿಡಿಆರ್5 ಎಂಬ ಬಗೆಯ ರ‍್ಯಾಮ್ ಅನ್ನು ಮಾತ್ರ ಬಳಸುತ್ತವೆ, ಈ ಲ್ಯಾಪ್‌ಟಾಪ್‌ಗಳಲ್ಲಿ ಅದು ಬೋರ್ಡ್‌ಗೆ ಬೆಸೆದೇ ಬರುತ್ತದೆ. ಅಂದರೆ ಪ್ರೊಸೆಸರ್‌ನ ಹೆಸರು ನೋಡಿದ ಕೂಡಲೇ ರ‍್ಯಾಮ್ ಹೆಚ್ಚಿಸಲಾಗದು ಎಂದು ತಿಳಿದುಬಿಡುತ್ತದೆ. 8 ಜಿಬಿಯದನ್ನು ಕೊಂಡರೆ 8 ಜಿಬಿಯೇ ಶಾಶ್ವತ.

ಇಂಟೆಲ್‌ನಲ್ಲಿ ಐ3 ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಜಾತಿಯವು ಇವೆ. ಐ3 1115ಜಿ4ರಲ್ಲಿ ಎರಡು ಕೋರ್, ಐ3 1215ಯುವಿನಲ್ಲಿ ಎರಡು ಬಲವಾದ ಮತ್ತು ನಾಲ್ಕು ಮಿತವ್ಯಯದ ಕೋರ್. ಐ3 ಎನ್305ರಲ್ಲಿ ಎಂಟು ಕೋರ್ ಇದ್ದರೂ ಎಂಟೂ ಮಿತವ್ಯಯದವು, ಮೆಮೊರಿಗೆ ಒಂದೇ ಚಾನೆಲ್ (ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿ). 2023ರಲ್ಲಿ ಬಂದ ಎನ್100 ನಾಲ್ಕು ಕೋರ್‌ನ ಸಣ್ಣ ಪ್ರೊಸೆಸರ್, ಹಳೆಯ ಸೆಲೆರಾನ್‌ಗಳಿಗಿಂತ ಸ್ಪಷ್ಟವಾಗಿ ಚುರುಕು, ಮನೆಯ ಸಾಮಾನ್ಯ ಕೆಲಸಕ್ಕೆ ಸಾಕು. ನಾನಾದರೆ ಅಪ್‌ಗ್ರೇಡ್ ಮಾಡಿ ನಾಲ್ಕೈದು ವರ್ಷ ಬಳಸುವ ಉದ್ದೇಶಕ್ಕೆ 1215ಯು ಅಥವಾ 5625ಯುವಿಗಿಂತ ಕೆಳಗಿಳಿಯಲಾರೆ.

ಪ್ರೊಸೆಸರ್ ಒಪ್ಪಿಗೆಯಾದ ಮೇಲೆ ಸ್ಲಾಟ್‌ಗಳ ವಿಚಾರ. ಉತ್ಪನ್ನದ ಪುಟದಲ್ಲಿ ‘16 ಜಿಬಿವರೆಗೆ ವಿಸ್ತರಿಸಬಹುದು’ ಎಂಬ ಸಾಲನ್ನು ನೆಚ್ಚಬೇಡಿ. ಒಂದೇ ಮಾದರಿಯ ಹೆಸರಿನಲ್ಲಿ ಸ್ಲಾಟ್ ಇರುವದೂ ಇಲ್ಲದ್ದೂ ಮಾರಾಟವಾಗುತ್ತವೆ. ತಳಭಾಗದಲ್ಲಿ ಅಂಟಿಸಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಹಿಡಿದು ತಯಾರಕರ ಸರ್ವಿಸ್ ಕೈಪಿಡಿಯನ್ನು ನೋಡುವುದೇ ಸರಿಯಾದ ದಾರಿ. ಲೆನೊವೊ, ಡೆಲ್, ಎಚ್‌ಪಿ ಮೂರೂ ಕಂಪನಿಗಳು ತಮ್ಮ ಹೆಚ್ಚಿನ ಮಾದರಿಗಳಿಗೆ ಇಂಥ ಕೈಪಿಡಿಗಳನ್ನು ತಮ್ಮ ವೆಬ್‌ಸೈಟ್‌ನಲ್ಲೇ ಉಚಿತವಾಗಿ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿದೆ ಎಂಬುದರವರೆಗೆ ಅದರಲ್ಲಿ ಚಿತ್ರಗಳಿರುತ್ತವೆ.

ಲ್ಯಾಪ್‌ಟಾಪ್ ಆಗಲೇ ಕೈಯಲ್ಲಿದ್ದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಒತ್ತಿ. ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ಅದು ಬಿಚ್ಚಿ ಹಾಕಬಹುದಾದ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆಯದು. ಪಕ್ಕದಲ್ಲೇ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದೂ ತೋರಿಸುತ್ತದೆ, ಆದರೆ ಕೆಲವೊಮ್ಮೆ ಬೆಸುಗೆಯ ಚಿಪ್‌ಗಳನ್ನೂ ಸ್ಲಾಟ್ ಎಂದೇ ಎಣಿಸಿಬಿಡುವುದರಿಂದ ಆ ಲೆಕ್ಕವನ್ನೊಂದನ್ನೇ ನಂಬಿ ರ‍್ಯಾಮ್ ತರಬಾರದು.

ಈ ಲ್ಯಾಪ್‌ಟಾಪ್‌ಗಳ ತಳ ಬಿಚ್ಚಿ ನೋಡಿದರೆ ಉಳಿತಾಯ ಹೇಗೆ ಮಾಡಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಷ್ಟಗಲದ ಕವಚದೊಳಗೆ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡ ಬೋರ್ಡ್, ಒಂದೇ ಫ್ಯಾನ್, ಚಿಕ್ಕ ಬ್ಯಾಟರಿ, ಉಳಿದದ್ದೆಲ್ಲ ಖಾಲಿ ಪ್ಲಾಸ್ಟಿಕ್. ಕೆಲವದರಲ್ಲಿ 2.5 ಇಂಚಿನ ಡ್ರೈವ್‌ಗೆ ಅಚ್ಚುಕಟ್ಟಾದ ಗೂಡು ಇರುತ್ತದೆ, ಆದರೆ ಅದನ್ನು ಬೋರ್ಡ್‌ಗೆ ಜೋಡಿಸುವ ಪಟ್ಟಿ ಕೇಬಲ್ ಇರುವುದಿಲ್ಲ. ಇನ್ನು ಕೆಲವದರಲ್ಲಿ ಎರಡನೆಯ ಎಂ.2 ಸ್ಲಾಟ್ ಇರಬೇಕಾದ ಕಡೆ ಬೋರ್ಡ್ ಮೇಲೆ ಬೆಸುಗೆಯ ಚುಕ್ಕೆಗಳಷ್ಟೇ ಇರುತ್ತವೆ, ಸ್ಲಾಟ್ ಅನ್ನೇ ಕೂರಿಸಿರುವುದಿಲ್ಲ. ದುಬಾರಿ ಆವೃತ್ತಿಗೂ ಅಗ್ಗದ ಆವೃತ್ತಿಗೂ ಒಂದೇ ಕವಚ ಬಳಸುವುದರಿಂದ ಹೀಗಾಗುತ್ತದೆ. ಸ್ಲಾಟ್ ಇದ್ದರೂ ಅಳತೆ ನೋಡಿಕೊಳ್ಳಿ: ಎಂ.2 ಎಸ್‌ಎಸ್‌ಡಿಗಳು 2280, 2242, 2230 ಎಂಬ ಅಳತೆಗಳಲ್ಲಿ ಬರುತ್ತವೆ. ಮೊದಲೆರಡು ಅಂಕಿ ಮಿಲಿಮೀಟರ್‌ಗಳಲ್ಲಿ ಅಗಲ, ಉಳಿದೆರಡು ಉದ್ದ. 42 ಮಿಲಿಮೀಟರ್‌ಗೆ ಸ್ಕ್ರೂ ತೂತು ಇರುವ ಕಡೆ 80 ಮಿಲಿಮೀಟರ್‌ನದು ಕೂರುವುದಿಲ್ಲ.

ರ‍್ಯಾಮ್‌ನ ಲಾಭ ಬರೀ ಪ್ರಮಾಣದಲ್ಲಿಲ್ಲ. ಎರಡು ಚಾನೆಲ್‌ಗಳ ಪ್ರೊಸೆಸರ್‌ನಲ್ಲಿ ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಅರ್ಧ ರಸ್ತೆಯಷ್ಟೇ ತೆರೆದಂತೆ. ಎರಡೂ ಚಾನೆಲ್ ತುಂಬಿದಾಗ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಗಮನಾರ್ಹವಾಗಿ ಚುರುಕಾಗುತ್ತದೆ. ಬೋರ್ಡ್ ಮೇಲೆ 8 ಜಿಬಿ ಇದ್ದರೆ ಸ್ಲಾಟ್‌ಗೆ ಇನ್ನೊಂದು 8 ಜಿಬಿ ಹಾಕುವುದು ಖರ್ಚಿಗೂ ಫಲಕ್ಕೂ ಹೊಂದುವ ಜೋಡಿ. ರ‍್ಯಾಮ್‌ನ ಹಿಂದಿನ ತಲೆಮಾರಾದ ಡಿಡಿಆರ್4 ಕಡ್ಡಿಗೆ 260 ಪಿನ್, ಹೊಸ ತಲೆಮಾರಾದ ಡಿಡಿಆರ್5ಕ್ಕೆ 262 ಪಿನ್. ಒಂದರ ಜಾಗದಲ್ಲಿ ಇನ್ನೊಂದು ಕೂರದು.

ಖರ್ಚಿನ ಲೆಕ್ಕಕ್ಕೆ ಬರೋಣ. ರ‍್ಯಾಮ್ ಯಾವಾಗ ಬೇಕಾದರೂ ಅಗ್ಗವಾಗಿ ಸಿಗುತ್ತದೆ, ಆಮೇಲೆ ಹಾಕಿಸಿಕೊಂಡರಾಯಿತು ಎಂಬ ಹಳೆಯ ಸಲಹೆಯನ್ನು ಈಗ ಕಣ್ಣುಮುಚ್ಚಿ ಪಾಲಿಸುವಂತಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಬಿಡಿ ರ‍್ಯಾಮ್‌ನ ಬೆಲೆ ಏರಿದಾಗ 16 ಜಿಬಿ ತುಂಬಿಸಿಯೇ ಮಾರುವ ಲ್ಯಾಪ್‌ಟಾಪ್ ಒಟ್ಟಾರೆ ಅಗ್ಗವಾಗಿಬಿಡುವ ಸಂದರ್ಭಗಳಿವೆ. ಕೊಳ್ಳುವ ದಿನವೇ ಎರಡೂ ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಾನು ಇಟ್ಟುಕೊಂಡಿರುವ ಮಿತಿ ಇದು: ಲ್ಯಾಪ್‌ಟಾಪ್‌ನ ಬೆಲೆಯನ್ನು 100 ಎಂದುಕೊಂಡರೆ ಅಪ್‌ಗ್ರೇಡ್‌ನ ಒಟ್ಟು ಖರ್ಚು 30 ದಾಟಬಾರದು. ದಾಟಿದರೆ ಆ 130ರ ಆಸುಪಾಸಿನಲ್ಲೇ ಉತ್ತಮ ಪರದೆ, ಉತ್ತಮ ಪ್ರೊಸೆಸರ್ ಇರುವ ಇನ್ನೊಂದು ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಮಾರಾಟಗಾರರೇ ಪೆಟ್ಟಿಗೆ ತೆರೆದು ರ‍್ಯಾಮ್, ಎಸ್‌ಎಸ್‌ಡಿ ಹೆಚ್ಚಿಸಿ ‘16 ಜಿಬಿ, 1 ಟಿಬಿ’ ಎಂದು ಮಾರುವುದೂ ಉಂಟು. ಯಾವ ಕಂಪನಿಯ ಬಿಡಿಭಾಗ ಹಾಕಿದ್ದಾರೆ, ಅದಕ್ಕೆ ವಾರಂಟಿ ಕೊಡುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗದಿದ್ದರೆ ಆ ಸಹವಾಸ ಬೇಡ.

ಕಚೇರಿಗಳಿಂದ ಬಂದ ಹಳೆಯ ಲ್ಯಾಪ್‌ಟಾಪ್

ದೊಡ್ಡ ಸಂಸ್ಥೆಗಳು ಮೂರ‍್ನಾಲ್ಕು ವರ್ಷ ಬಳಸಿ ಒಟ್ಟಾಗಿ ಮಾರಿಬಿಡುವ ಲ್ಯಾಪ್‌ಟಾಪ್‌ಗಳು ರಿಫರ್ಬಿಶ್ಡ್ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತವೆ. ಬದಲಿಸಲಾಗದ ಭಾಗಗಳಿಗೇ ಹಣ ಹಾಕಬೇಕು ಎಂಬ ಅಳತೆಯಲ್ಲಿ ತೂಗಿದರೆ ಇದಕ್ಕೆ ಸಾಟಿಯಿಲ್ಲ. ಹೊಸದಾಗಿದ್ದಾಗ ಇವು ದುಬಾರಿ ದರ್ಜೆಯವೇ. ಗಟ್ಟಿ ಕೀಲು, ಬೆರಳಿಗೆ ಹಿತವಾದ ಕೀಬೋರ್ಡ್, ಬಿಚ್ಚಲು ಸುಲಭವಾದ ತಳ, ವರ್ಷಗಳ ನಂತರವೂ ಸಿಗುವ ಬಿಡಿಭಾಗಗಳು. ಅಗ್ಗದ ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊದಲು ಬಿಟ್ಟುಕೊಳ್ಳುವುದೇ ಕೀಲು. ಪರದೆಯನ್ನು ಒಂದು ಮೂಲೆ ಹಿಡಿದು ಎತ್ತುವ ಅಭ್ಯಾಸವಿದ್ದರೆ ಪ್ಲಾಸ್ಟಿಕ್‌ನೊಳಗೆ ಕೂರಿಸಿರುವ ಹಿತ್ತಾಳೆಯ ತಿರುಪುಬುಡಗಳು ಕಿತ್ತು ಬರುತ್ತವೆ.

ಇಲ್ಲಿ ಗೆರೆ ಎಳೆಯಬೇಕಾದದ್ದು ಇಂಟೆಲ್‌ನ 8ನೇ ತಲೆಮಾರಿನಲ್ಲಿ, ಅದಕ್ಕೆ ಎರಡು ಕಾರಣಗಳಿವೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ 8ನೇ ತಲೆಮಾರು ಹಾಗೂ ಅದರ ನಂತರದವನ್ನು. ಎಎಂಡಿ ಲ್ಯಾಪ್‌ಟಾಪ್‌ಗಳಲ್ಲಾದರೆ ಸ್ಥೂಲವಾಗಿ ರೈಜನ್ 3000 ಸರಣಿಯಿಂದ ಮುಂದಕ್ಕೆ. ಎರಡನೆಯದಾಗಿ, ಇಂಟೆಲ್ ತನ್ನ ತೆಳು ಲ್ಯಾಪ್‌ಟಾಪ್‌ಗಳ ಐ5 ಪ್ರೊಸೆಸರ್‌ಗೆ ಎರಡರ ಬದಲು ನಾಲ್ಕು ಕೋರ್ ಕೊಟ್ಟದ್ದು ಆ ತಲೆಮಾರಿನಲ್ಲೇ. ಐ5 7300ಯುವಿನಲ್ಲಿ ಎರಡು ಕೋರ್, ಐ5 8350ಯುವಿನಲ್ಲಿ ನಾಲ್ಕು. ಬೆಲೆಯ ವ್ಯತ್ಯಾಸ ಅಲ್ಪವಾದರೂ ಒಳಗಿನ ವ್ಯತ್ಯಾಸ ದೊಡ್ಡದು. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಈ ಮೂರೂ ಆ ತಲೆಮಾರಿನವು, ಮೂರರಲ್ಲೂ ಎರಡೆರಡು ರ‍್ಯಾಮ್ ಸ್ಲಾಟ್‌ಗಳಿವೆ. ಹಾಗೆಂದು ಕಚೇರಿ ದರ್ಜೆಯದೆಲ್ಲ ಅಪ್‌ಗ್ರೇಡ್‌ಗೆ ಒದಗುತ್ತದೆ ಎಂದಲ್ಲ. ಟಿ480ಎಸ್ ಎಂಬ ತೆಳು ಮಾದರಿಯಲ್ಲಿ ಒಂದು ಭಾಗ ಬೆಸುಗೆ, ಒಂದೇ ಸ್ಲಾಟ್. ಎಕ್ಸ್1 ಕಾರ್ಬನ್‌ನಲ್ಲಿ ರ‍್ಯಾಮ್ ಪೂರ್ತಿ ಬೆಸುಗೆ.

ಇದರ ದೌರ್ಬಲ್ಯಗಳನ್ನೂ ಹೇಳಲೇಬೇಕು. ಬ್ಯಾಟರಿ ಸವೆದಿರುತ್ತದೆ. ವಿಂಡೋಸ್‌ನಲ್ಲೇ ಇರುವ ಬ್ಯಾಟರಿ ವರದಿಯನ್ನು ತೆಗೆಸಿ, ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ಪೂರ್ಣ ಚಾರ್ಜ್ ಆದಾಗ ಎಷ್ಟು ನಿಲ್ಲುತ್ತಿದೆ ಎಂಬ ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಿ. ಮೂರನೇ ಎರಡು ಭಾಗಕ್ಕಿಂತ ಕಡಿಮೆಯಾಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶಕ್ಕೆ) ಹಳೆಯ ಸಂಸ್ಥೆಯ ಪಾಸ್‌ವರ್ಡ್ ಉಳಿದಿದೆಯೇ, ಹೊಸದಾಗಿ ವಿಂಡೋಸ್ ಹಾಕಿದಾಗ ಯಾವುದೋ ಸಂಸ್ಥೆಯ ಲಾಗಿನ್ ಕೇಳುತ್ತದೆಯೇ ಎಂದು ಹಿಂದಿರುಗಿಸುವ ಅವಧಿಯೊಳಗೇ ಪರೀಕ್ಷಿಸಬೇಕು. ಪರದೆಯ ಮೇಲೆ ಕೀಬೋರ್ಡ್‌ನ ಅಚ್ಚು, ಸವೆದು ಹೊಳೆಯುವ ಗುಂಡಿಗಳು, ಸಡಿಲವಾದ ಚಾರ್ಜಿಂಗ್ ಪೋರ್ಟ್ ಇವನ್ನೂ ನೋಡಿಕೊಳ್ಳಿ. ವಾರಂಟಿ ಕಡಿಮೆ ಅವಧಿಯದು, ಕೊಡುವವರೂ ತಯಾರಕರಲ್ಲ, ಮಾರಿದವರು. ಜೊತೆಗೆ 8ನೇ ತಲೆಮಾರು 2017-18ರ ಕಾಲದ್ದು. ವಿಂಡೋಸ್‌ನ ಮುಂದಿನ ಆವೃತ್ತಿಗಳಲ್ಲಿ ಮೊದಲು ಹೊರಗುಳಿಯುವ ಸಾಧ್ಯತೆ ಇದಕ್ಕೇ ಹೆಚ್ಚು. ಬಜೆಟ್ ಸ್ವಲ್ಪ ಹಿಗ್ಗುವಂತಿದ್ದರೆ 10 ಅಥವಾ 11ನೇ ತಲೆಮಾರಿನದನ್ನು ಹುಡುಕುವುದು ಮೇಲು.

ಮಧ್ಯಮ ದರ್ಜೆಯ ಹೊಸ ಲ್ಯಾಪ್‌ಟಾಪ್

16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಐಪಿಎಸ್ ಪರದೆ (ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆ) ಇರುವ ಲ್ಯಾಪ್‌ಟಾಪ್ ಅನ್ನು ಒಮ್ಮೆಗೇ ಕೊಂಡುಬಿಟ್ಟರೆ ಬಿಚ್ಚುವ ಗೊಡವೆ ಇಲ್ಲ, ವಾರಂಟಿಯ ಬಗ್ಗೆ ವಾದವಿಲ್ಲ. ಇಲ್ಲಿ ಕೊಟ್ಟ ಹೆಚ್ಚುವರಿ ಹಣ ಕಣ್ಣಿಗೆ ಕಾಣುವುದು ಪರದೆಯಲ್ಲಿ. ಅಗ್ಗದ ಮಾದರಿಗಳ 1366×768 ಪರದೆಯಲ್ಲಿ ಇರುವುದು ಸುಮಾರು ಹತ್ತೂವರೆ ಲಕ್ಷ ಚುಕ್ಕೆ, 1920×1080ರಲ್ಲಿ ಸುಮಾರು ಇಪ್ಪತ್ತೂಮುಕ್ಕಾಲು ಲಕ್ಷ. ಹಳೆಯ ಬಗೆಯ ಟಿಎನ್ ಪ್ಯಾನೆಲ್ ಆಗಿದ್ದರಂತೂ ತಲೆಯನ್ನು ಸ್ವಲ್ಪ ಎತ್ತಿದರೂ ತಗ್ಗಿಸಿದರೂ ಬಣ್ಣ ಮಸುಕಾಗುತ್ತದೆ. ದಿನಕ್ಕೆ ಎಂಟು ಗಂಟೆ ನೋಡುವ ಪರದೆ ಹೀಗಿರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ; 16 ಜಿಬಿ ರ‍್ಯಾಮ್ ಹಾಕಿಸಿಕೊಂಡ ಮಾತ್ರಕ್ಕೆ ಕಣ್ಣಿನ ಆಯಾಸ ಕಡಿಮೆಯಾಗುವುದಿಲ್ಲ.

ಈ ದರ್ಜೆಯಲ್ಲೂ ತೆಳುವಾದ ಮಾದರಿಗಳಲ್ಲಿ ರ‍್ಯಾಮ್ ಬೆಸುಗೆಯದೇ ಆಗಿರಬಹುದು. ಅದನ್ನು ದೋಷವೆಂದು ತಳ್ಳಿಹಾಕಬೇಕಿಲ್ಲ, ಆದರೆ ಆಗ ಮುಂದಿನ ಐದು ವರ್ಷದ ಅಗತ್ಯವನ್ನು ಇಂದೇ ಊಹಿಸಿ ಕೊಳ್ಳಬೇಕಾಗುತ್ತದೆ. ಬೆಸುಗೆಯ 8 ಜಿಬಿ ಬೇಡ, ಬೆಸುಗೆಯ 16 ಜಿಬಿ ಆದೀತು.

ಕ್ರೋಮ್‌ಬುಕ್, ಮತ್ತು ಮನೆಯಲ್ಲೇ ಇರುವ ಹಳೆಯದು

ಕೆಲಸವೆಲ್ಲ ಬ್ರೌಸರ್‌ನಲ್ಲೇ ಆಗುವವರಿಗೆ, 4 ಜಿಬಿಯ ವಿಂಡೋಸ್ ಲ್ಯಾಪ್‌ಟಾಪ್‌ಗಿಂತ ಅದೇ ಬೆಲೆಯ ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಒಎಸ್ ಇರುವ ಲ್ಯಾಪ್‌ಟಾಪ್) ಹೆಚ್ಚು ಸಲೀಸು. 2021ರಿಂದೀಚಿನ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿದೆ. ಆ ಹತ್ತು ವರ್ಷ ಎಣಿಕೆಯಾಗುವುದು ಆ ಹಾರ್ಡ್‌ವೇರ್ ವಿನ್ಯಾಸ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ವಿಂಡೋಸ್‌ನ ಸಾಫ್ಟ್‌ವೇರ್ ಒಂದಾದರೂ ಅನಿವಾರ್ಯವಾಗಿದ್ದರೆ ಈ ಆಯ್ಕೆ ಬಿಟ್ಟುಬಿಡಿ.

ಮನೆಯಲ್ಲಿ ಹಾರ್ಡ್ ಡಿಸ್ಕ್‌ನ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಏನನ್ನೂ ಕೊಳ್ಳುವ ಮೊದಲು ಅದಕ್ಕೊಂದು ಸಾಟಾ ಎಸ್‌ಎಸ್‌ಡಿ ಹಾಕಿ ನೋಡುವುದು ಜಾಣತನ. ಎಲ್ಲ ಅಪ್‌ಗ್ರೇಡ್‌ಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಇದೇ. ವಿಂಡೋಸ್ 11 ಒಪ್ಪದಷ್ಟು ಹಳೆಯದಾದರೆ ಲಿನಕ್ಸ್ ಹಾಕಿ ಬಳಸಬಹುದು. ಸೋತರೂ ಎಸ್‌ಎಸ್‌ಡಿ ವ್ಯರ್ಥವಾಗದು. ಯುಎಸ್‌ಬಿ ಕವಚಕ್ಕೆ ಹಾಕಿ ಬ್ಯಾಕಪ್‌ಗೆ ಬಳಸಬಹುದು.

ಯಾರಿಗೆ ಯಾವುದು

ಶಾಲಾ ಮಕ್ಕಳ ಪಾಠಕ್ಕೆ, ಹಿರಿಯರ ವಿಡಿಯೊ ಕರೆಗೆ ಎನ್100 ಪ್ರೊಸೆಸರ್, 8 ಜಿಬಿ ರ‍್ಯಾಮ್ ಹಾಗೂ ಇಎಂಎಂಸಿಯಲ್ಲದ ನಿಜವಾದ ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪ್, ಇಲ್ಲವೇ ಕ್ರೋಮ್‌ಬುಕ್ ಸಾಕು. ಅಪ್‌ಗ್ರೇಡ್‌ನ ಯೋಚನೆಯೇ ಬೇಡ. ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗೆ, ಕೈಯಲ್ಲಿ ಹಣ ಕಡಿಮೆಯಿದ್ದರೆ, ಎರಡು ಸ್ಲಾಟ್ ಇರುವ ಕಚೇರಿ ಲ್ಯಾಪ್‌ಟಾಪ್ ನನ್ನ ಮೊದಲ ಆಯ್ಕೆ. ಮೊದಲು 8 ಜಿಬಿಯಲ್ಲಿ ಕೊಂಡು, ವರ್ಚುವಲ್ ಮಷೀನ್, ಆಂಡ್ರಾಯ್ಡ್ ಎಮ್ಯುಲೇಟರ್‌ಗಳ ಹಂತಕ್ಕೆ ಬಂದಾಗ 16ಕ್ಕೆ ಏರಿಸಬಹುದು. ದಿನವಿಡೀ ಪ್ಲಗ್‌ನಿಂದ ದೂರವಿರುವವರಿಗೆ ಮಾತ್ರ ಹಳೆಯ ಬ್ಯಾಟರಿಯಿಂದಾಗಿ ಇದು ಒಗ್ಗದಿರಬಹುದು.

ಹೊಸದೇ ಬೇಕು, ವಾರಂಟಿ ಬೇಕು, ಹಣ ಮಾತ್ರ ಕಂತುಕಂತಾಗಿ ಬರುತ್ತದೆ ಎನ್ನುವವರಿಗೆ ಸ್ಲಾಟ್ ಇರುವ ಅಗ್ಗದ ಲ್ಯಾಪ್‌ಟಾಪ್ ಹೊಂದುತ್ತದೆ, ಮೇಲೆ ಹೇಳಿದ ಪ್ರೊಸೆಸರ್‌ನ ಮಿತಿ ಮತ್ತು ಖರ್ಚಿನ ಮಿತಿ ಎರಡರೊಳಗೂ ಇದ್ದರೆ. ಲ್ಯಾಪ್‌ಟಾಪ್‌ನಿಂದಲೇ ದುಡಿಯುವವರು, ಅಂದರೆ ಲೆಕ್ಕಪತ್ರ, ಬರವಣಿಗೆ, ವಿನ್ಯಾಸದ ಕೆಲಸದವರು, ಮಧ್ಯಮ ದರ್ಜೆಯದನ್ನೇ ಕೊಳ್ಳಲಿ. ವಿಡಿಯೊ ಎಡಿಟಿಂಗ್ ಮತ್ತು ಆಟಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಕಾಗುತ್ತದೆ. ಲ್ಯಾಪ್‌ಟಾಪ್‌ಗೆ ಅದನ್ನು ಆಮೇಲೆ ಸೇರಿಸುವುದು ಸುಲಭಸಾಧ್ಯವಲ್ಲವಾದ್ದರಿಂದ ಅಗ್ಗದ್ದನ್ನು ಕೊಂಡು ಕಾಯುವುದರಲ್ಲಿ ಅರ್ಥವಿಲ್ಲ.

ಬಿಚ್ಚುವ ಮುನ್ನ

ಅಪ್‌ಗ್ರೇಡ್ ಎಂದು ನಿರ್ಧರಿಸಿದವರು ಮೊದಲು ಒಂದೆರಡು ವಾರ ಲ್ಯಾಪ್‌ಟಾಪ್ ಅನ್ನು ಇದ್ದಂತೆಯೇ ಬಳಸಿ; ತಯಾರಿಕೆಯ ದೋಷಗಳಿದ್ದರೆ ಆಗಲೇ ಹೊರಬೀಳುತ್ತವೆ, ಹಿಂದಿರುಗಿಸುವುದಕ್ಕೂ ತೊಡಕಾಗದು. ತಳ ತೆರೆದರೆ ವಾರಂಟಿ ಏನಾಗುತ್ತದೆ ಎಂಬುದನ್ನು ಅದರ ಷರತ್ತುಗಳಲ್ಲಿ ಓದಿಕೊಳ್ಳಿ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಎಸ್‌ಎಸ್‌ಡಿ ಬದಲಿಸುವ ಮುನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬಿಟ್‌ಲಾಕರ್ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ವಿಂಡೋಸ್‌ನ ಪರವಾನಗಿ ಬೋರ್ಡ್‌ಗೆ ಹೊಂದಿಕೊಂಡಿರುವುದರಿಂದ ಹೊಸ ಎಸ್‌ಎಸ್‌ಡಿಯಲ್ಲಿ ಅದೇ ಆವೃತ್ತಿಯನ್ನು ಹಾಕಿದರೆ ಸಾಮಾನ್ಯವಾಗಿ ತಾನೇ ಸಕ್ರಿಯವಾಗುತ್ತದೆ. ಬೇರೆ ಕೀ ಕೊಳ್ಳಬೇಕಿಲ್ಲ.

ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಬರುತ್ತಿಲ್ಲವೆಂದರೆ ರಬ್ಬರ್ ಪಾದಗಳ ಕೆಳಗೆ ಇನ್ನೂ ಒಂದೆರಡು ಅಡಗಿರುತ್ತವೆ, ಬಲ ಪ್ರಯೋಗಿಸಬೇಡಿ. ಅಂಚಿನ ಕೊಂಡಿಗಳನ್ನು ಬಿಡಿಸಲು ಸ್ಕ್ರೂಡ್ರೈವರ್ ಬದಲು ಹಳೆಯ ಪ್ಲಾಸ್ಟಿಕ್ ಕಾರ್ಡ್ ಬಳಸಿ. ಒಳಗೆ ಮೊದಲು ಮಾಡಬೇಕಾದ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು, ಅದಕ್ಕೂ ಮುಂಚೆ ಬೇರೇನನ್ನೂ ಮುಟ್ಟಬಾರದು. ರ‍್ಯಾಮ್ ಕಡ್ಡಿಯನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ ಕೆಳಗೆ ಒತ್ತಿದಾಗ ಎರಡೂ ಬದಿಯ ಲೋಹದ ಕೊಂಡಿಗಳು ಕಟಕ್ಕೆಂದು ಹಿಡಿದುಕೊಳ್ಳಬೇಕು. ಜೋಡಿಸಿ ಆನ್ ಮಾಡಿದ ಮೇಲೆ ಮೊದಲ ಸಲ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ. ಹೊಸ ರ‍್ಯಾಮ್ ಅನ್ನು ಗುರುತಿಸಿಕೊಳ್ಳಲು ಕೆಲವು ಲ್ಯಾಪ್‌ಟಾಪ್‌ಗಳು, ಅದರಲ್ಲೂ ಡಿಡಿಆರ್5 ಇರುವವು, ಅಷ್ಟು ಸಮಯ ತೆಗೆದುಕೊಳ್ಳುತ್ತವೆ. ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅನ್ನು ಒಮ್ಮೆ ಪೂರ್ತಿ ಓಡಿಸಿ. ತೆಗೆದ ಎಸ್‌ಎಸ್‌ಡಿಯನ್ನು ಅಳಿಸದೆ ತಿಂಗಳೊಪ್ಪತ್ತು ಹಾಗೆಯೇ ಇಟ್ಟುಕೊಂಡಿರಿ. ಯಾವ ಫೈಲ್ ಹೊಸದಕ್ಕೆ ಬಂದಿಲ್ಲ ಎಂಬುದು ಅದು ಬೇಕಾದ ದಿನವೇ ಗೊತ್ತಾಗುವುದು.